ಹದಿನಾಲ್ಕು ಕ್ರೇಟಿನ ದೋಣಿ

ಗುಂಡ್ಲುಪೇಟೆಯಲ್ಲಿ ಗಾಡಿ ಇಟ್ಟುಕೊಂಡವರು ಭಾರವನ್ನು ಕಿಲೋದಲ್ಲಿ ಹೇಳುವುದಿಲ್ಲ, ಕ್ರೇಟಿನಲ್ಲಿ ಹೇಳುತ್ತಾರೆ. ಟೊಮೇಟೊ ತುಂಬಿದ ಒಂದು ಪ್ಲಾಸ್ಟಿಕ್ ಕ್ರೇಟು ಎಂದರೆ ಹೆಚ್ಚುಕಡಿಮೆ ಇಪ್ಪತ್ತೈದು ಕಿಲೋ. ಇದು ಮೂವತ್ತು ಕ್ರೇಟಿನ ಗಾಡಿ, ಅದು ಅರವತ್ತು ಕ್ರೇಟಿನ ಗಾಡಿ ಎಂದರೆ ಊರಿಗೆಲ್ಲ ಅರ್ಥವಾಗುತ್ತದೆ. ನಮ್ಮ ಮನೆಗೆ ಬಟ್ಟೆಯ ಬೀರು ತಂದ ದಿನ ನನ್ನ ಹೆಂಡತಿ ಶಮೀಮ್ ಇದೆಷ್ಟು ಭಾರ ಇರಬಹುದು ಎಂದು ಕೇಳಿದಾಗ, ನಾಲ್ಕು ಕ್ರೇಟು ಎಂದು ಹೇಳಿ ಬೈಸಿಕೊಂಡಿದ್ದೆ.

ನಾನು ಮುನೀರ್. ಊಟಿ ರಸ್ತೆಯ ಮಗ್ಗುಲಲ್ಲಿ ಮೂವತ್ತೆಂಟು ವರ್ಷ ಪಿಕಪ್ ಗಾಡಿಗಳ ರಿಪೇರಿ ಮಾಡಿದವನು. ಹೋದ ವರ್ಷ ಮೊಣಕಾಲು ಇನ್ನು ಸಾಕು ಎಂದಿತು, ಗ್ಯಾರೇಜಿನ ಶಟರ್ ಇಳಿಸಿದೆ. ಈಗ ಮೆಕ್ಯಾನಿಕ್ ಕೆಲಸಕ್ಕೆ ಬರುತ್ತಿರುವವರು ಸಿಕ್ಕಾಗಲೆಲ್ಲ, 'ಮೇಸ್ತ್ರಿ, ನಿಮ್ಮ ಅನುಭವ ಹೇಳಿ' ಎನ್ನುತ್ತಾರೆ. ನಾನು ಎಷ್ಟು ಎಂಜಿನ್ ಬಿಚ್ಚಿದೆ, ಯಾರು ಶಾಲು ಹೊದಿಸಿದರು ಎಂಬುದರಿಂದ ಅವರಿಗೇನೂ ಉಪಯೋಗವಿಲ್ಲ. ನನ್ನನ್ನು ಜನ ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಒಂದೇ: 'ಡೀಸೆಲ್ ತಗಳ್ಳೋದಾ, ಪೆಟ್ರೋಲ್ ತಗಳ್ಳೋದಾ?' ನಾನು ಸಾವಿರ ಸಲ ಉತ್ತರ ಹೇಳಿದ್ದೇನೆ. ಒಂದು ಸಲ ತಪ್ಪು ಹೇಳಿದೆ. ಆ ತಪ್ಪು ಒಬ್ಬ ಹೆಣ್ಣುಮಗಳನ್ನು ಗಾಡಿಯ ಸಮೇತ ಕೆರೆಗೆ ಹಿಂದಕ್ಕೆ ಎಳೆದುಕೊಂಡು ಹೋಯಿತು. ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಉಸ್ತಾದರ ವಿಷಯ ಹೇಳದಿದ್ದರೆ ನನ್ನ ತಪ್ಪು ಎಷ್ಟು ದೊಡ್ಡದು ಎಂದು ತಿಳಿಯುವುದಿಲ್ಲ. ಖಾದರ್ ಉಸ್ತಾದ್ ನನಗೆ ಕೆಲಸ ಕಲಿಸಿದವರು. ಕುಳ್ಳಗಿನ ಮನುಷ್ಯ, ಬಿಳಿ ಅಂಗಿ ತೊಟ್ಟು ಗ್ಯಾರೇಜಿಗೆ ಬಂದು ಬಿಳಿ ಅಂಗಿಯಲ್ಲೇ ಮನೆಗೆ ಹೋಗುತ್ತಿದ್ದರು. ಗ್ರೀಸೆಲ್ಲ ನಮ್ಮ ಪಾಲು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದರೆಂದರೆ ಯಾವ ಸಿಲಿಂಡರು ಸುಸ್ತಾಗಿದೆ ಎಂದು ಹೇಳುತ್ತಿದ್ದರು. ಇವತ್ತು ಕಂಪ್ಯೂಟರ್ ಸಿಕ್ಕಿಸಿ ಹೇಳುವುದನ್ನು ಅವರು ಬೀಡಿ ಆರುವಷ್ಟರಲ್ಲಿ ಹೇಳುತ್ತಿದ್ದರು. ತಪ್ಪಿದ್ದೂ ಉಂಟು, ಆದರೆ ಕಂಪ್ಯೂಟರೂ ತಪ್ಪುತ್ತದೆ ಬಿಡಿ.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ತರಕಾರಿ ಗಾಡಿಗೆ ಹೊಸ ಬ್ರೇಕ್ ಕೂರಿಸಿ, ಗ್ಯಾರೇಜಿನ ಮುಂದೆ ಎರಡು ಸಲ ಓಡಿಸಿ, ಸರಿಯಾಗಿದೆ ಎಂದು ಕಳಿಸಿದೆ. ಆ ಗಾಡಿ ಮದ್ದೂರು ಕಾಡು ದಾಟಿ, ವಯನಾಡಿನ ಘಾಟಿ ಇಳಿದು ಕೋಳಿಕ್ಕೋಡಿಗೆ ಹೋಗಬೇಕು. ಮಾರನೇ ದಿನ ಡ್ರೈವರು ವಾಪಸು ಬಂದಾಗ ಅವನ ಮುಖ ಬೂದಿಯಾಗಿತ್ತು. ಘಾಟಿಯ ಮೂರನೇ ತಿರುವಿನಲ್ಲೇ ಬ್ರೇಕ್ ಕಾದು ಹೊಗೆಯಾಡಿತ್ತಂತೆ. ಉಸ್ತಾದ್ ನನಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಮರುದಿನ ಬ್ರೇಕ್ ಸರಿಮಾಡಿಸಿ, ಅದೇ ಗಾಡಿಯ ತರಕಾರಿ ಮೂಟೆಗಳ ಮೇಲೆ ನನ್ನನ್ನು ಕೂರಿಸಿ, 'ಘಾಟಿ ಇಳಿದು ಬಾ, ಆಮೇಲೆ ಬ್ರೇಕ್ ಮುಟ್ಟು' ಎಂದರು. ಇಳಿದು ಬಂದೆ. ಎಲೆಕೋಸಿನ ಮೂಟೆಯನ್ನು ತಬ್ಬಿಕೊಂಡು, ಗೊತ್ತಿದ್ದ ದುವಾ ಎಲ್ಲ ಹೇಳಿಕೊಂಡು ಇಳಿದೆ. ಆಮೇಲೆ ತಿಳಿಯಿತು, ಅವರ ಕೈಯಲ್ಲಿ ಕಲಿತ ಎಲ್ಲರನ್ನೂ ಅವರು ಹೀಗೆ ಒಂದು ಸಲ ಘಾಟಿ ಇಳಿಸಿದ್ದಾರೆ ಎಂದು. ಗಾಡಿ ಹೋಗುವ ದಾರಿಯನ್ನು ನೋಡದೆ ಗಾಡಿಯ ಬಗ್ಗೆ ಬಾಯಿ ಬಿಡಬಾರದು ಎಂಬುದು ಅವರ ಗ್ಯಾರೇಜಿನ ಕಾನೂನು. ಅವರು ತೀರಿಕೊಂಡ ಮೇಲೆ ನನ್ನ ಗ್ಯಾರೇಜಿಗೂ ಅದೇ ಕಾನೂನು ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ.

ಕಾಲ ಬದಲಾಯಿತು. ಹಳೆಯ ಡೀಸೆಲ್ ಎಂಜಿನ್ನು ಎಮ್ಮೆಯ ಹಾಗೆ, ಏನು ಹಾಕಿದರೂ ತಿಂದು, ಕರಿ ಹೊಗೆ ಬಿಟ್ಟು, ಹೇಳಿದಷ್ಟು ದೂರ ಎಳೆಯುತ್ತಿತ್ತು. ಹೊಸ ಡೀಸೆಲ್ ಗಾಡಿಗಳಿಗೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಬಂತು. ಗಾಡಿ ಉದ್ದಕ್ಕೆ ಓಡಿ ಎಂಜಿನ್ ಚೆನ್ನಾಗಿ ಕಾದರೆ ಆ ಮಸಿ ತಾನಾಗಿ ಉರಿದು ಹೋಗುತ್ತದೆ. ಬರೀ ಹತ್ತಿರ ಹತ್ತಿರ ಓಡಿಸಿದರೆ ಮಸಿ ಕಟ್ಟಿಕೊಂಡು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿ, ಗಾಡಿ ಮುಷ್ಕರ ಹೂಡುತ್ತದೆ. ದಿನಾ ಕೇರಳಕ್ಕೆ ಹೋಗಿಬರುವ ತರಕಾರಿ ಗಾಡಿಗಳಿಗೆ ಈ ಕಾಯಿಲೆಯೇ ಇಲ್ಲ. ನಾನು ಅದನ್ನು ಮೊದಲು ಕಂಡದ್ದು ಗುರುಮಲ್ಲಪ್ಪನವರ ಗಾಡಿಯಲ್ಲಿ.

ಗುರುಮಲ್ಲಪ್ಪ ಗುಂಡ್ಲುಪೇಟೆಯಲ್ಲಿ ಮದುವೆ ಅಡುಗೆಯ ಕಂಟ್ರಾಕ್ಟರ್. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಯಾವಾಗಲೂ ಒಂದು ಸೌಟು ಇದ್ದಂತೆ ಮಾತು. ಊರಲ್ಲಿ ಎಲ್ಲರದೂ ಡೀಸೆಲ್ ಎಂದು ಅವರೂ ಅರವತ್ತು ಕ್ರೇಟಿನ ಡೀಸೆಲ್ ಪಿಕಪ್ ತಂದರು. ಅದಕ್ಕಿದ್ದ ಕೆಲಸ, ಅಡುಗೆ ಮನೆಯಿಂದ ಕಲ್ಯಾಣ ಮಂಟಪಕ್ಕೆ ಪಾಯಸದ ಕೊಳಗ ಸಾಗಿಸುವುದು. ಒಂದೂವರೆ ಕಿಲೋಮೀಟರು. ಆರು ತಿಂಗಳಲ್ಲಿ ಮೂರು ಸಲ ಫಿಲ್ಟರ್ ಕಟ್ಟಿತು.

'ನಾನೇನ್ ತಪ್ಪು ಮಾಡ್ದೆ ಮೇಸ್ತ್ರಿ? ನೆಳ್ಳಲ್ ನಿಲ್ಲುಸ್ತೀನಿ, ದಿನಾ ಪೂಜೆ ಮಾಡ್ತೀನಿ' ಎಂದು ಅವರು ಕೇಳಿದರು.

'ನಿಮ್ಮ ಗಾಡಿಗೆ ಪೂಜೆ ಬೇಡ ಯಜಮಾನ್ರೆ, ಓಟ ಬೇಕು. ವಾರಕ್ಕೊಂದ್ಸಲ ಬೇಗೂರಿಗೆ ಹೋಗಿ ಬನ್ನಿ' ಎಂದೆ.

ಅಲ್ಲಿಂದಾಚೆಗೆ ಪ್ರತಿ ಭಾನುವಾರ ಗುರುಮಲ್ಲಪ್ಪ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಖಾಲಿ ಪಿಕಪ್ ಓಡಿಸಿಕೊಂಡು ಬೇಗೂರಿಗೆ ಹೋಗಿ, ಬಸ್ ನಿಲ್ದಾಣದ ಎದುರು ಒಂದೊಂದು ಟೀ ಕುಡಿದು ವಾಪಸು ಬರುತ್ತಿದ್ದರು. ಬೇಗೂರಿನಲ್ಲಿ ಅವರಿಗೆ ಯಾರೋ ನೆಂಟರು ಹುಷಾರಿಲ್ಲ ಎಂದು ಊರೆಲ್ಲ ಸುದ್ದಿಯಾಗಿತ್ತು. ನಾನು ಮಾತ್ರ ಅದರಿಂದ ಒಂದು ಪಾಠ ಕಲಿತೆ. ಹತ್ತಿರದ ಓಡಾಟಕ್ಕೆ, ನಿಂತು ನಿಂತು ಓಡುವ ಕೆಲಸಕ್ಕೆ ಪೆಟ್ರೋಲೇ ಸರಿ. ಪಾಠ ಸರಿಯಾಗಿಯೇ ಇತ್ತು. ಅರ್ಧ ಪಾಠವನ್ನು ಪೂರ್ತಿ ಎಂದುಕೊಂಡದ್ದು ನನ್ನ ತಪ್ಪು.

ಆ ವರ್ಷವೇ ನಾಗರತ್ನಮ್ಮ ನನ್ನ ಗ್ಯಾರೇಜಿಗೆ ಬಂದದ್ದು. ಮೂವತ್ತೈದರ ಆಸುಪಾಸಿನ ಹೆಂಗಸು, ಹರವೆ ಕಡೆಯವರು. ಎರಡು ಕೆರೆಗಳಲ್ಲಿ ಮೀನು ಸಾಕಿ ಹಿಡಿಯುವ ಗುತ್ತಿಗೆ ಅವರ ಮನೆಯದು. ಗಂಡ ತೆಪ್ಪದಲ್ಲಿ ಬಲೆ ಎಳೆಯುವಾಗ ತೆಪ್ಪ ಮಗುಚಿ ಆ ಕೆರೆಗಳಲ್ಲೊಂದರಲ್ಲಿ ಮುಳುಗಿ ತೀರಿಹೋಗಿದ್ದರು. ಗಂಡನ ಅಣ್ಣ ಚಿಕ್ಕಣ್ಣ, ಗುತ್ತಿಗೆ ಬಿಟ್ಟುಬಿಡೋಣ ಎಂದಿದ್ದ. ಬಿಟ್ಟರೆ ಈಕೆ ಮತ್ತೆ ಕಂಡವರ ಹೊಲದಲ್ಲಿ ಟೊಮೇಟೊ ಕೀಳಲು ಹೋಗಬೇಕು. ಈಕೆ ಒಪ್ಪಲಿಲ್ಲ. ಮಗುಚುವ ತೆಪ್ಪ ಬೇಡ ಎಂದು ಕೇರಳದಿಂದ ಒಂದು ಹಳೆಯ ಫೈಬರ್ ದೋಣಿ ತರಿಸಿದ್ದರು, ಎಂಜಿನ್ ಇದ್ದದ್ದು, ಎರಡು ಚಕ್ರದ ಟ್ರೈಲರಿನ ಸಮೇತ. ಎರಡು ಕೆರೆಗೂ ಅದೊಂದೇ ದೋಣಿ. ಇಂದು ಈ ಕೆರೆ, ನಾಳೆ ಆ ಕೆರೆ. ಎಳೆದುಕೊಂಡು ಹೋಗಲು ಒಂದು ಪಿಕಪ್ ಬೇಕು, ಓಡಿಸುವವರು ಅವರೇ. ಲೈಸೆನ್ಸ್ ಮಾಡಿಸಿಕೊಂಡೇ ಬಂದಿದ್ದರು.

'ಎರಡು ಗಾಡಿ ನೋಡಿವ್ನಿ ಕಣ್ ಮೇಸ್ತ್ರಿ. ಚಾಮರಾಜನಗರದಲ್ಲಿ ಒಂದು ಪೆಟ್ರೋಲಿಂದು, ಚಿಕ್ಕದು. ಇಲ್ಲೇ ಗುಂಡ್ಲುಪೇಟೇಲಿ ಒಂದು ಡೀಸೆಲ್ದು, ದೊಡ್ಡದು. ಯಾವ್ದ ತಗಳನ? ನೀವು ಯೋಳ್ದಂಗೆ ಮಾಡ್ತೀನಿ.'

'ದೋಣಿ ಎಷ್ಟು ಭಾರ ಅದೆಯಮ್ಮ?'

'ಆರು ಆಳು ಎತ್ತಿ ಮಡಗ್ತಾರೆ.'

ಆರು ಆಳು ಎಂದರೆ ಎಷ್ಟು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹದಿನಾಲ್ಕು ಕ್ರೇಟು. ಪೆಟ್ರೋಲ್ ಗಾಡಿ ಮೂವತ್ತು ಕ್ರೇಟು ಹೊರುತ್ತದೆ. ಕೆರೆಯಿಂದ ಕೆರೆಗೆ ಆರೇಳು ಕಿಲೋಮೀಟರು, ವಾರದಲ್ಲಿ ನಾಲ್ಕು ದಿನ ನಿಂತೇ ಇರುತ್ತದೆ. ಡೀಸೆಲ್ ತೆಗೆದುಕೊಂಡರೆ ಗುರುಮಲ್ಲಪ್ಪನವರ ಕಥೆಯೇ. ನಾನು ಕೈಯಲ್ಲಿದ್ದ ಸ್ಪ್ಯಾನರನ್ನೂ ಕೆಳಗಿಡದೆ, 'ಕಣ್ಣು ಮುಚ್ಕೊಂಡು ಪೆಟ್ರೋಲಿಂದು ತಗಳಮ್ಮ' ಎಂದೆ.

ಆಕೆ ಹೊರಟವರು ನಿಂತು, 'ಒಂದ್ಸಲ ಬಂದು ಕೆರೆ ಇಳಿಜಾರು ನೋಡ್ಬುಟ್ಟು ಯೋಳ್ತೀರಾ? ನಮ್ಮತ್ತೆ ಬಲೇ ಎದ್ರುಕತಾರೆ' ಎಂದರು.

ನನ್ನ ಎದುರು ಐದು ತರಕಾರಿ ಗಾಡಿಗಳು ನಿಂತಿದ್ದವು, ರಾತ್ರಿಗೆ ಕಾಡಿನ ಗೇಟು ಮುಚ್ಚುವುದರೊಳಗೆ ಮದ್ದೂರು ದಾಟಬೇಕೆಂದು ಡ್ರೈವರುಗಳು ನನ್ನ ತಲೆ ತಿನ್ನುತ್ತಿದ್ದರು. 'ಹದಿನಾಲ್ಕು ಕ್ರೇಟಿಗೆ ಅದೇನ್ ನೋಡೋದಮ್ಮ, ಹೋಗಿ ಬನ್ನಿ' ಎಂದೆ. ನಗುತ್ತಲೇ ಅಂದೆ. ಆ ನಗು ನೆನೆದರೆ ಈಗಲೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ಮೂರು ವಾರ ಕಳೆದ ಮೇಲೆ, ಬೆಳಿಗ್ಗೆ ಹತ್ತರ ಹೊತ್ತಿಗೆ ಫೋನು ಬಂತು. ಆಕೆಯದೇ ದನಿ. 'ಮೇಸ್ತ್ರಿ, ಗಾಡಿ ಕೆರೆ ಒಳಕ್ಕೆ ಓಯ್ತು. ನಾನು ಬದುಕಿವ್ನಿ. ಒಸಿ ಬಂದೋಗಿ.'

ಚಾಮರಾಜನಗರದ ರಸ್ತೆ ಹಿಡಿದು ಹರವೆಗೆ ತಿರುಗಿ, ಸ್ಕೂಟರಿನಲ್ಲಿ ಹೇಗೆ ಹೋದೆನೋ ನನಗೇ ಗೊತ್ತಿಲ್ಲ. ಕೆರೆ ಏರಿಯ ಮೇಲೆ ಜನ. ನೀರಿನಲ್ಲಿ ಪಿಕಪ್ಪಿನ ಮೂತಿ ಮತ್ತು ತಲೆ ಮಾತ್ರ ಕಾಣುತ್ತಿತ್ತು, ಅದರ ಹಿಂದೆ ದೋಣಿ ಏನೂ ಆಗದ ಹಾಗೆ ತೇಲುತ್ತಿತ್ತು. ನಾಗರತ್ನಮ್ಮ ಒದ್ದೆ ಸೀರೆಯಲ್ಲಿ ಹುಣಸೆ ಮರದ ಬುಡದಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಅವರ ಅತ್ತೆ ಸಣ್ಣಮ್ಮ, ಮುದುಕಿ, ಕೈಯಲ್ಲಿ ಒಂದು ತೆಂಗಿನ ನಾರಿನ ಹಗ್ಗ. ಹಗ್ಗದ ಇನ್ನೊಂದು ತುದಿ ಮರಕ್ಕೆ ಕಟ್ಟಿತ್ತು.

ನಡೆದದ್ದು ಇಷ್ಟು. ದೋಣಿಯನ್ನು ನೀರಿಗೆ ಇಳಿಸುವಾಗ ತೊಂದರೆ ಇಲ್ಲ, ತಾನೇ ಇಳಿಯುತ್ತದೆ. ಆವತ್ತು ಮೀನು ಚೆನ್ನಾಗಿ ಬಿದ್ದಿತ್ತು. ಒದ್ದೆ ಬಲೆ, ತುಂಬಿದ ಪೆಟ್ಟಿಗೆಗಳ ಸಮೇತ ದೋಣಿಯನ್ನು ಟ್ರೈಲರಿಗೆ ಹತ್ತಿಸಿ ಮೇಲಕ್ಕೆ ಎಳೆಯಬೇಕು. ದಾರಿ ಎಂದರೆ ಎಮ್ಮೆ ಇಳಿಯುವ ಇಳಿಜಾರು, ಜೇಡಿ ಮಣ್ಣು, ಮೇಲೆ ಪಾಚಿ. ಪೆಟ್ರೋಲ್ ಎಂಜಿನ್ನು ರೊಯ್ಯೆಂದು ಕೂಗಿದರೇ ಅದಕ್ಕೆ ಬಲ. ಆಕೆ ಕೂಗಿಸಿದ್ದಾರೆ. ಖಾಲಿ ಗಾಡಿಯ ಹಿಂದಿನ ಚಕ್ರ ನಿಂತಲ್ಲೇ ಗಿರ್ರನೆ ತಿರುಗಿದೆ, ಕ್ಲಚ್ ಸುಟ್ಟ ವಾಸನೆ ಬಂದಿದೆ, ಬ್ರೇಕ್ ಒತ್ತಿದರೂ ಟ್ರೈಲರು ಗಾಡಿಯನ್ನು ಹಿಂದುಹಿಂದಕ್ಕೆ ಜಾರಿಸಿಕೊಂಡು ಹೋಗಿದೆ. ನೀರಿನ ಒತ್ತಡಕ್ಕೆ ಬಾಗಿಲು ತೆರೆಯಲಿಲ್ಲ. ಮಗ ಮುಳುಗಿದಂದಿನಿಂದ ಸಣ್ಣಮ್ಮ, ಸೊಸೆ ನೀರಿಗೆ ಹೋದ ದಿನವೆಲ್ಲ ಆ ಹಗ್ಗ ಹಿಡಿದು ಮರದ ಬುಡದಲ್ಲಿ ಕೂರುತ್ತಿದ್ದರಂತೆ. ಅವರೇ ಹಗ್ಗ ಎಸೆದದ್ದು. ಅದನ್ನು ಹಿಡಿದು ಕಿಟಕಿಯಿಂದ ಈಚೆ ಬಂದ ಸೊಸೆಯನ್ನು ಇಬ್ಬರು ಆಳುಗಳು ದಡಕ್ಕೆ ಎಳೆದಿದ್ದರು.

ಏರಿಯ ಮೇಲಿನ ಗಂಡಸರೆಲ್ಲ ಒಂದೇ ರಾಗ ಹಾಡುತ್ತಿದ್ದರು. 'ಯೆಣ್ಣಾಳು ಗಾಡಿ ಓಡ್ಸುದ್ರೆ ಇನ್ನೇನಾದ್ದು?' 'ಕ್ಲಚ್ ಬುಡಕ್ಕೆ ಬರಲ್ಲ ಕಣ್ಲಾ.' ಚಿಕ್ಕಣ್ಣ ನನ್ನನ್ನು ನೋಡಿ ಹತ್ತಿರ ಬಂದ. 'ನೀವೇ ಯೋಳಿ ಮೇಸ್ತ್ರಿ. ಗಾಡಿ ಸರ್ಯಾಗೇ ಇತ್ತಲ್ವಾ? ದೋಣಿ ಮಾರಾಕ್ಬುಡನ, ಗುತ್ತಿಗೆನೂ ಬುಟ್ಬುಡನ. ಇನ್ನೊಂದು ಹೆಣ ಎತ್ತಕ್ಕೆ ನನ್ ಕೈಲಾಗಲ್ಲ.'

ಎಲ್ಲರೂ ನನ್ನ ಬಾಯಿ ನೋಡಿದರು. ನಾಗರತ್ನಮ್ಮನೂ ನೋಡಿದರು. ಇಳಿಜಾರಿಗೆ ಒಂದು ಸಲ ಕಣ್ಣು ಹಾಯಿಸುತ್ತಲೇ ನನಗೆ ತಪ್ಪು ಯಾರದೆಂದು ಗೊತ್ತಾಗಿತ್ತು. ಮೂವತ್ತೈದು ವರ್ಷ ಕಟ್ಟಿಕೊಂಡ ಹೆಸರು ಅಡ್ಡ ಬಂತು. 'ಮೊದಲು ಗಾಡಿ ಈಚೆ ತೆಗೆಸೋಣ' ಎಂದು ಮಾತು ತೇಲಿಸಿಬಿಟ್ಟೆ. ಆಕೆ ತಲೆ ತಗ್ಗಿಸಿದರು. ಟ್ರ್ಯಾಕ್ಟರ್ ಕರೆಸಿ ಗಾಡಿ ಎಳೆಸಿ ನನ್ನ ಗ್ಯಾರೇಜಿಗೆ ಕಳಿಸಿದೆವು. ಆ ದಿನ ಅಲ್ಲಿ ನಾನು ಮಾಡಿದ ಕೆಲಸ ಅಷ್ಟೇ.

ಮನೆಗೆ ಬಂದು ಊಟಕ್ಕೆ ಕೂತವನು ತಟ್ಟೆಯನ್ನು ಹಾಗೇ ಪಕ್ಕಕ್ಕೆ ಸರಿಸಿದೆ. ಶಮೀಮ್ ಕೇಳಿದಳು, ಹೇಳಿದೆ. ಅವಳು ಪಾತ್ರೆ ಎತ್ತುತ್ತಾ, 'ಖಾದರ್ ಉಸ್ತಾದ್ ಇದ್ದಿದ್ದರೆ ನಿಮ್ಮನ್ನು ಆ ದೋಣಿಯಲ್ಲಿ ಕೂರಿಸುತ್ತಿದ್ದರು' ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು. ನನ್ನ ಹೆಂಡತಿಗೆ ಎಂಜಿನ್ನಿನ ಒಂದು ಬೋಲ್ಟಿನ ಹೆಸರೂ ಗೊತ್ತಿಲ್ಲ. ಆದರೆ ಎಲ್ಲಿ ಬಿಗಿ ಮಾಡಬೇಕೆಂದು ಗೊತ್ತು.

ಮರುದಿನ ಗ್ಯಾರೇಜು ತೆರೆಯಲಿಲ್ಲ. ಮತ್ತೆ ಆ ಕೆರೆಗೆ ಹೋದೆ. ದಾರ, ಮಟ್ಟಗೋಲು ಹಿಡಿದು ಇಳಿಜಾರನ್ನು ಅಳೆದೆ. ಟ್ರ್ಯಾಕ್ಟರಿಗೆ ಟ್ರೈಲರನ್ನು ಕಟ್ಟಿಸಿ, ದೋಣಿ, ಎಂಜಿನ್, ಒದ್ದೆ ಬಲೆ, ನೀರು ತುಂಬಿದ ಪೆಟ್ಟಿಗೆ ಎಲ್ಲವನ್ನೂ ಹೇರಿಸಿ ರಸ್ತೆ ಬದಿಯ ಲಾರಿ ತೂಗುವ ವೇಬ್ರಿಡ್ಜಿಗೆ ಒಯ್ದೆ. ಅಲ್ಲಿಯವನು ಕಬ್ಬು, ಅರಿಶಿನ ತೂಗಿದ್ದನೇ ಹೊರತು ದೋಣಿ ತೂಗಿರಲಿಲ್ಲ. 'ಏನ್ ಸಾಬ್ರೆ, ಸಮುದ್ರಕ್ಕೆ ಒರಟ್ರಾ?' ಎಂದು ನಕ್ಕ. ಟ್ರ್ಯಾಕ್ಟರ್ ಬಿಚ್ಚಿ ತೂಗಿ ನೋಡಿದರೆ ಮೂವತ್ತೆಂಟು ಕ್ರೇಟು! ಆವತ್ತು ಮನಸ್ಸಿನಲ್ಲಿ ನಾನು ಬರೀ ದೋಣಿಯನ್ನು ತೂಗಿದ್ದೆ. ಟ್ರೈಲರನ್ನು ಮರೆತಿದ್ದೆ, ನೀರನ್ನು ಮರೆತಿದ್ದೆ, ಮೀನು ಬೀಳುತ್ತದೆ ಎಂಬುದನ್ನೇ ಮರೆತಿದ್ದೆ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು, ಇದನ್ನು ಕಿವಿಗೊಟ್ಟು ಕೇಳಿ. ಕ್ರೇಟು ಗಾಡಿಯ ಬೆನ್ನ ಮೇಲೆ ಕೂರುತ್ತದೆ, ಕೂತು ಹಿಂದಿನ ಚಕ್ರವನ್ನು ನೆಲಕ್ಕೆ ಒತ್ತುತ್ತದೆ. ಟ್ರೈಲರು ಹಾಗಲ್ಲ. ಅದರ ಭಾರ ಅದರ ಚಕ್ರದ ಮೇಲೆಯೇ ಇರುತ್ತದೆ, ನಿಮ್ಮ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ ಅಷ್ಟೇ. ಹೊರುವುದೇ ಬೇರೆ, ಎಳೆಯುವುದೇ ಬೇರೆ. ಜೀವನವಿಡೀ ಹೊರುವ ಗಾಡಿಗಳನ್ನೇ ನೋಡಿದ ನಾನು ಎಳೆಯುವ ಗಾಡಿಯನ್ನೂ ಕ್ರೇಟಿನಲ್ಲಿ ಅಳೆದಿದ್ದೆ. ಗುಂಡ್ಲುಪೇಟೆಯ ಮೇಸ್ತ್ರಿಯಲ್ಲದೆ ಬೇರೆ ಯಾರೂ ಈ ತಪ್ಪು ಮಾಡುತ್ತಿರಲಿಲ್ಲವೋ ಏನೋ.

ಅಲ್ಲಿಂದ ನೇರ ನಾಗರತ್ನಮ್ಮನ ಮನೆಗೆ ಹೋದೆ. ಚಿಕ್ಕಣ್ಣ ಜಗುಲಿಯ ಮೇಲೆ ದೋಣಿ ಕೊಳ್ಳಲು ಬಂದವನೊಬ್ಬನನ್ನು ಕೂರಿಸಿಕೊಂಡಿದ್ದ. ನಿಂತುಕೊಂಡೇ ಹೇಳಿದೆ.

'ಈಯಮ್ಮನದು ಏನೂ ತಪ್ಪಿಲ್ಲ ಚಿಕ್ಕಣ್ಣ. ಆ ಇಳಿಜಾರಲ್ಲಿ ಆ ಗಾಡಿ ನಾನು ಓಡಿಸಿದ್ರೂ ಮುಳುಗ್ತಿತ್ತು. ಬಂದು ನೋಡಿ ಅಂತ ಕೇಳಿದ್ರು, ನಾನು ನೋಡ್ಲಿಲ್ಲ. ನೋಡದೇ ಹೇಳಿದೆ. ತಪ್ಪು ನನ್ನದು. ನಿನ್ನೆ ಎಲ್ಲರ ಮುಂದೆ ಹೇಳ್ಬೇಕಿತ್ತು, ಹೆದರಿ ಸುಮ್ಮನಾದೆ. ಅದು ಇನ್ನೊಂದು ತಪ್ಪು.'

ಹೇಳಿದ ಮೇಲೆ ಎದೆಯ ಮೇಲಿಂದ ಗೇರ್‌ಬಾಕ್ಸ್ ಇಳಿಸಿದ ಹಾಗಾಯಿತು. ನಾಗರತ್ನಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. 'ನಿನ್ನೆ ಯೋಳ್ಬೇಕಾಗಿತ್ತು ಮೇಸ್ತ್ರಿ' ಎಂದರು. 'ರಾತ್ರಿಯೆಲ್ಲ ನನ್ ಕಾಲ್ನೇ ಬಯ್ಕಂಡಿವ್ನಿ, ಕ್ಲಚ್ ಸರಿಯಾಗಿ ಬುಡ್ನಿಲ್ಲ ಅಂತವ.' ಕೈ ಮುಗಿದೆ.

ಚಿಕ್ಕಣ್ಣ ಮಾತ್ರ ಪಟ್ಟು ಬಿಡಲಿಲ್ಲ. ಕೆಟ್ಟವನಲ್ಲ ಅವನು, ತಮ್ಮನನ್ನು ಹೊತ್ತ ಹೆಗಲು ಅವನದು. 'ಒಂದ್ವಾರ ಟೇಮು ಕೊಡ್ತೀನಿ. ನಮ್ಮೆಲ್ಲರ ಕಣ್ಮುಂದೆ ತುಂಬಿದ್ ದೋಣಿ ಆ ಏರಿ ಅತ್ಬೇಕು. ಅತ್ನಿಲ್ವಾ, ದೋಣಿ ಮಾರಾಟ' ಎಂದ. ಕೊಳ್ಳಲು ಬಂದವನು ವಾರ ಬಿಟ್ಟು ಬರುತ್ತೇನೆಂದು ಎದ್ದು ಹೋದ.

ಆಕೆ ಮೊದಲು ನೋಡಿದ್ದ ಡೀಸೆಲ್ ಗಾಡಿ ಅಷ್ಟರಲ್ಲಿ ಮಾರಾಟವಾಗಿತ್ತು. ನನಗೆ ನೆನಪಾದದ್ದು ಗುರುಮಲ್ಲಪ್ಪ. ಅವರಲ್ಲಿಗೆ ಹೋಗಿ, ಮೊದಲು ಗಾಡಿಯನ್ನು ಒಂದು ದಿನಕ್ಕೆ ಕೊಡಿ, ಸರಿಹೋದರೆ ಅದಲುಬದಲು ಮಾಡಿಕೊಳ್ಳಿ ಎಂದೆ. ನಿಮ್ಮ ಡೀಸೆಲ್ ಆಯಮ್ಮನಿಗೆ, ಆಯಮ್ಮನ ಪೆಟ್ರೋಲ್ ನಿಮಗೆ. ನಿಮ್ಮ ಒಂದೂವರೆ ಕಿಲೋಮೀಟರಿಗೆ ಅದೇ ಸರಿ, ಬೇಗೂರಿನ ಟೀ ತಪ್ಪುತ್ತದೆ.

ಗುರುಮಲ್ಲಪ್ಪ ಹೌಹಾರಿದರು. 'ಶಿವ ಶಿವಾ! ಮೀನು ಒತ್ತ ಗಾಡೀಲಿ ನಾನು ಮದ್ವೆ ಪಾಯ್ಸ ಒತ್ಕೊಂಡೋಗನಾ?'

'ಗಾಡಿ ಮೀನು ಹೊತ್ತೇ ಇಲ್ಲ ಯಜಮಾನ್ರೆ. ಮೀನು ದೋಣಿಯಲ್ಲಿತ್ತು, ದೋಣಿ ಟ್ರೈಲರಿನಲ್ಲಿತ್ತು. ಗಾಡಿಗೂ ಟ್ರೈಲರಿಗೂ ನಡುವೆ ಬರೀ ಒಂದು ಕೊಕ್ಕೆ. ಮೇಲಾಗಿ ಅದು ಈಗ ತಾನೇ ಕೆರೆಯಲ್ಲಿ ಮುಳುಗಿ ಸ್ನಾನ ಮಾಡಿ ಬಂದಿದೆ.'

ಅವರು ಯೋಚಿಸಿದರು. ನಗು ತಡೆದುಕೊಂಡದ್ದು ಮೀಸೆಯಲ್ಲಿ ಕಂಡಿತು. 'ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿ, ಎರಡು ತಿಂಗಳು ನೀವೇ ಓಡ್ಸಿ ತೋರ್ಸಿ, ಆಮೇಲೆ ಕೊಡಿ' ಎಂದರು. ಒಪ್ಪಿದೆ. ಅಂದಹಾಗೆ, ಅವರ ಗಾಡಿಯಲ್ಲಿ ಆವತ್ತೂ ಹಳದಿ ದೀಪ ಹತ್ತಿತ್ತು. ಹರವೆಗೆ ಹೋಗಿಬರುವಷ್ಟರಲ್ಲಿ ತಾನೇ ಆರುತ್ತದೆ ಎಂದದ್ದೇ ಅವರನ್ನು ಹೆಚ್ಚು ಒಪ್ಪಿಸಿತೆಂದು ನನ್ನ ಗುಮಾನಿ.

ಆ ವಾರವೆಲ್ಲ ಕೆರೆಯಲ್ಲೇ ಕಳೆದೆ. ಎಮ್ಮೆ ಇಳಿಜಾರಿನ ಪಾಚಿ ಕೆರೆಸಿ, ಚಕ್ರದ ಅಗಲಕ್ಕೆ ಎರಡು ಸಾಲು ಒರಟು ಕಲ್ಲಿನ ಚಪ್ಪಡಿ ಹಾಸಿಸಿದೆವು. ಗಾಡಿ ಹಿಂದಕ್ಕೆ ಜಾರದಂತೆ ಚಕ್ರದ ಹಿಂದೆ ಇಡಲು ಜಾಲಿ ಮರದ ಎರಡು ದಪ್ಪ ಆಪುಗಳನ್ನು ಮಾಡಿಸಿದೆ. ಡೀಸೆಲ್ ಗಾಡಿಯ ಹಿಂದಿನ ಚಕ್ರದ ನೇರಕ್ಕೆ ಹನ್ನೆರಡು ಕ್ರೇಟು ಮರಳು ಪೇರಿಸಿ ಕಟ್ಟಿದೆ. ಮನಸ್ಸಿಗೆ ಸಮಾಧಾನವಾಗಲಿ ಎಂದು, ಟೊಮೇಟೊ ಕ್ರೇಟನ್ನೇ ತರಿಸಿದ್ದೆ.

ಪರೀಕ್ಷೆಯ ದಿನ ಏರಿಯ ಮೇಲೆ ಅರ್ಧ ಊರು ಸೇರಿತ್ತು. ಸಣ್ಣಮ್ಮ ಹುಣಸೆ ಮರದ ಬುಡದಲ್ಲಿ, ಹಗ್ಗ ಕೈಯಲ್ಲಿ. ದೋಣಿಗೆ ಬಲೆ, ನೀರು ತುಂಬಿದ ಪೆಟ್ಟಿಗೆಗಳನ್ನು ತೂಕದ ದಿನದ ಹಾಗೆಯೇ ಹೇರಿದೆವು. ಯಾರೋ, 'ಮೇಸ್ತ್ರೀನೇ ಓಡ್ಸ್ಲಿ ಬುಡಿ' ಎಂದರು. ನಾಗರತ್ನಮ್ಮ ಕೇಳಿಸದವರಂತೆ ಹೋಗಿ ಸ್ಟೀರಿಂಗ್ ಮುಂದೆ ಕೂತರು. ನಾನು ಆ ಕಡೆಯ ಬಾಗಿಲು ತೆರೆದು ಪಕ್ಕದಲ್ಲಿ ಹತ್ತಿ ಕೂತೆ.

'ನೀವ್ಯಾಕೆ ಅತ್ತುದ್ರಿ? ಈಜು ಬತ್ತದಾ?'

'ಬರಲ್ಲಮ್ಮ.'

'ಮತ್ತೆ?'

'ಹೇಳಿದವನು ನಾನು. ಮುಳುಗೋದಾದ್ರೆ ಇಬ್ರೂ ಮುಳುಗೋಣ' ಎಂದೆ. ಧೈರ್ಯದ ಮಾತೇನಲ್ಲ, ಬಾಗಿಲಿನ ಹಿಡಿಯನ್ನು ನಾನು ಬಿಟ್ಟಿರಲಿಲ್ಲ. ಆಕೆ ಮೊದಲ ಸಲ ನಕ್ಕರು.

ಗಾಡಿ ಹಿಂದಕ್ಕೆ ಇಳಿಯಿತು. ಟ್ರೈಲರು ನೀರಲ್ಲಿ ಮುಳುಗಿತು, ಆಳುಗಳು ದೋಣಿಯನ್ನು ಅದರ ಮೇಲೆ ತಂದು ಬಿಗಿದರು. 'ಕೂಗಿಸಬೇಡಿ' ಎಂದೆ. 'ಪೆಟ್ರೋಲಿನ ಹಾಗೆ ಇದನ್ನು ಕೂಗಿಸಬೇಕಾಗಿಲ್ಲ. ಫಸ್ಟ್ ಗೇರು. ಕ್ಲಚ್ ನಿಧಾನ ಬಿಡಿ. ಅದು ಗೊಣಗಿಕೊಂಡೇ ಎಳೆಯುತ್ತದೆ.' ಆಕೆ ಬಿಟ್ಟರು. ಡೀಸೆಲ್ಲು ಒಮ್ಮೆ ಮೈ ನಡುಗಿಸಿ ಗುಡುಗುಟ್ಟಿತು. ಹಿಂದಿನಿಂದ ಟ್ರೈಲರು ಜಗ್ಗಿದ್ದು ಬೆನ್ನಿಗೇ ತಾಕಿತು, ಒಂದು ಗಳಿಗೆ ಗಾಡಿ ನಿಂತೇಬಿಟ್ಟಿತು. ಎಲೆಕೋಸಿನ ಮೂಟೆಯ ಮೇಲೆ ಹೇಳಿದ ದುವಾ ಎಲ್ಲ ವಾಪಸು ಬಂತು. ಆಮೇಲೆ ಚಕ್ರ ಕಲ್ಲನ್ನು ಹಿಡಿಯಿತು. ಒಂದು ಗೇಣು, ಒಂದು ಮೊಳ, ಒಂದು ಮಾರು. ಆಕೆಯ ಕಾಲು ಒಂದು ಚೂರೂ ನಡುಗಲಿಲ್ಲ. ಮುಂದಿನ ಗಾಜಿನಲ್ಲಿ ಬರೀ ಆಕಾಶ ಕಾಣುತ್ತಿದ್ದದ್ದು ಹೋಗಿ ಹುಣಸೆ ಮರ ಕಂಡಿತು, ಮರದ ಬುಡದಲ್ಲಿ ಎದ್ದು ನಿಂತಿದ್ದ ಸಣ್ಣಮ್ಮ ಕಂಡರು. ತುಂಬಿದ ದೋಣಿ ನೀರು ಸುರಿಸಿಕೊಂಡು ಏರಿಯ ಮೇಲೆ ಬಂದು ನಿಂತಿತು.

ಯಾರೂ ಚಪ್ಪಾಳೆ ಗಿಪ್ಪಾಳೆ ತಟ್ಟಲಿಲ್ಲ. ಚಿಕ್ಕಣ್ಣ ಟವೆಲಿನಿಂದ ಮುಖ ಒರೆಸಿಕೊಂಡು, 'ಮೀನು ತುಂಬಿದ್ರೂ ಇಂಗೇ ಅತ್ತದಾ?' ಎಂದು ಕೇಳಿದ. 'ಹತ್ತುತ್ತದೆ' ಎಂದೆ. 'ಸರಿ ಬುಡು ಮತ್ತೆ' ಎಂದು ಹೋದ. ನಾನು ಗಾಡಿಯಿಂದ ಇಳಿದು ಕಲ್ಲಿನ ಮೇಲೆ ಕೂತುಬಿಟ್ಟೆ. ಅಂಥ ನೆಮ್ಮದಿ ನನಗೆ ಮಗಳ ಮದುವೆ ಮುಗಿದ ದಿನವೂ ಆಗಿರಲಿಲ್ಲ.

ಸಣ್ಣಮ್ಮ ಮರದ ಕಡೆ ತಿರುಗಿದರು. ತಿಂಗಳುಗಟ್ಟಲೆ ಅಲ್ಲೇ ಇದ್ದು ಬಿಗಿದುಕೊಂಡಿದ್ದ ಗಂಟನ್ನು ಬಿಚ್ಚಲು ಹೆಣಗಿದರು. ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಬಿಚ್ಚಿ, ಹಗ್ಗವನ್ನು ಸುತ್ತಿ, ತಂದು ಗಾಡಿಯ ಸೀಟಿನ ಹಿಂದೆ ತುರುಕಿದರು. 'ಇದು ನಿನ್ ಗಾಡೀಲೇ ಇರ್ಲಿ ಕಣಮ್ಮಿ. ನನ್ ಸೊಂಟ ನೋಯ್ತದೆ, ನಾಳಿಂದ ನಾನು ಇಲ್ಲಿ ಬಂದು ಕೂರಲ್ಲ' ಎಂದರು.

ಮುಂದೆ ಆ ಪೆಟ್ರೋಲ್ ಗಾಡಿಯನ್ನು ಪೂರ್ತಿ ಬಿಚ್ಚಿ ಕಟ್ಟಿ, ಎರಡು ತಿಂಗಳು ನಾನೇ ಓಡಿಸಿ ಗುರುಮಲ್ಲಪ್ಪನವರಿಗೆ ಒಪ್ಪಿಸಿದೆ. ಅದು ಇವತ್ತಿಗೂ ಪಾಯಸ ಸಾಗಿಸುತ್ತಿದೆ, ಒಂದು ದಿನವೂ ಮುನಿಸಿಕೊಂಡಿಲ್ಲ. ಅವರು ಮಾತ್ರ ಭಾನುವಾರದ ಬೇಗೂರಿನ ಟೀ ಬಿಟ್ಟಿಲ್ಲ. ಹೆಂಡತಿಗೆ ಅಭ್ಯಾಸವಾಗಿಬಿಟ್ಟಿದೆಯಂತೆ.

ಹಾಗಾದರೆ ಡೀಸೆಲ್ಲೋ ಪೆಟ್ರೋಲೋ ಎಂದು ನೀವು ಮತ್ತೆ ಕೇಳುತ್ತೀರಿ. ದೋಣಿ ಎಳೆಯಲು ಡೀಸೆಲ್ ಎಂದು ನಾನು ಹೇಳಿಬಿಟ್ಟರೆ ನೀವು ಅದನ್ನು ಬರೆದಿಟ್ಟುಕೊಂಡು, ಇನ್ನೊಬ್ಬರಿಗೆ ಕೂತಲ್ಲೇ ಹೇಳುತ್ತೀರಿ, ನಾನು ಮಾಡಿದ ಹಾಗೆ. ಎದ್ದು ಹೋಗಿ ಅವರ ಇಳಿಜಾರು ನೋಡಿ. ನಿಮ್ಮ ಮುಂದೆ ಐದು ಗಾಡಿ ನಿಂತಿದ್ದರೂ ಹೋಗಿ ನೋಡಿ.

ಆ ಡೀಸೆಲ್ ಗಾಡಿಗೂ ವಾರಕ್ಕೊಂದು ಉದ್ದನೆಯ ಓಟ ಬೇಕಲ್ಲ, ನಾಗರತ್ನಮ್ಮ ಪ್ರತಿ ಭಾನುವಾರ ಹರವೆಯಿಂದ ಗುಂಡ್ಲುಪೇಟೆಗೆ ಬರುತ್ತಾರೆ. ಶಟರ್ ಇಳಿಸಿದ ಗ್ಯಾರೇಜಿನ ಮುಂದೆ ಹಾರ್ನ್ ಹೊಡೆಯುತ್ತಾರೆ, ನಾನು ಪಕ್ಕದಲ್ಲೇ ಇರುವ ನಮ್ಮ ಮನೆಯಿಂದ ಕುಂಟುತ್ತಾ ಹೋಗಿ ಎಂಜಿನ್ನಿಗೆ ಕಿವಿ ಕೊಟ್ಟು ಸರಿಯಾಗಿದೆ ಎನ್ನುತ್ತೇನೆ. ಕಳೆದ ಭಾನುವಾರ ಸೀಟಿನ ಹಿಂದೆ ಕೈ ಹಾಕಿ ನೋಡಿದೆ. ಹಗ್ಗ ಅಲ್ಲೇ ಇತ್ತು. ಸಣ್ಣಮ್ಮ ಸುತ್ತಿಟ್ಟ ಸುತ್ತು ಹಾಗೇ ಇತ್ತು, ಕೈಗೆ ಬರೀ ಒಣ ಧೂಳು ಹತ್ತಿತು.